ಬಿಲ್ಲೆ ಬರುವ ತನಕ

ಹೊಲಿಗೆ ಸಾಲಿನ ಹೆಂಗಸೊಬ್ಬಳು ಎದ್ದು ಹೋಗಲು ಅನುಮತಿ ಕೇಳಿದಳು. ಕೊಡಲಿಲ್ಲ. ಅವಳು ಕೂತಲ್ಲೇ ಸತ್ತಳು. ವರ್ಷಗಟ್ಟಲೆ ಕೂತು ಅವಳು ತಗ್ಗು ಮಾಡಿದ್ದ ಸ್ಪಂಜಿನ ಅಳತೆ ತೆಗೆದು ಕಂಪನಿ ಒಂದು ಕುರ್ಚಿ ಮಾಡಿ ಮಾರಿತು. ಅವಳ ಮನೆಯವರನ್ನು ಕೇಳಲಿಲ್ಲ.

ಅಳತೆ ತೆಗೆದವಳು ಕಂಪನಿಯ ವಿನ್ಯಾಸಗಾರ್ತಿ. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಅವಳನ್ನು ಕೆಳಗಿನ ಮಹಡಿಯವರು ಪೆನ್ಸಿಲಕ್ಕ ಎಂದು ಕರೆಯುತ್ತಿದ್ದರು. ಕೆಟ್ಟವಳೇನಲ್ಲ. ಬೆರಳು ಮಡಚಲಾಗದವರೂ ಎತ್ತಬಹುದಾದ ಕೆಟಲ್ಲು, ಬಾಗಿಲ ಬಳಿ ಕೂತು ಶೂ ಕಟ್ಟಿಕೊಳ್ಳಲು ಒಂದು ಮೋಟು ಮಣೆ, ಕತ್ತಲಲ್ಲಿ ತಡಕಿದರೂ ಕೈಗೆ ಸಿಗುವ ಸ್ವಿಚ್ಚು, ಇಂಥವನ್ನು ಮಾಡಿ ಹೆಸರು ಗಳಿಸಿದ್ದಳು. ಅಂಗಡಿಯಿಂದ ತಂದ ದಿನ ಯಾವ ವಸ್ತುವಿಗೂ ಅರ್ಥವಿರುವುದಿಲ್ಲ, ಮೈ ಸೋಕಿ ಸೋಕಿ ಅದು ಬರುತ್ತದೆ ಎಂಬುದು ಅವಳ ನಂಬಿಕೆ. ಆದ್ದರಿಂದ ಹೊಸ ಕೆಲಸ ಹಿಡಿದಾಗಲೆಲ್ಲ ಮೊದಲು ಹೋಗುತ್ತಿದ್ದುದು ಕಾರ್ಖಾನೆಯ ಹಿಂದಿನ ಗುಜರಿ ರಾಶಿಗೆ. ಹೆಬ್ಬೆರಳು ಊರಿ ಊರಿ ಗುಳಿಬಿದ್ದ ಸುತ್ತಿಗೆಯ ಹಿಡಿ, ಒಂದೇ ಕಡೆ ಸವೆದ ಮೆಟ್ಟಿಲು ಹಲಗೆ ಅಲ್ಲಿ ಸಿಗುತ್ತಿದ್ದವು.

ಆ ಸಲ ಅವಳಿಗೆ ಬೇಕಾಗಿದ್ದುದು ಅಮ್ಮನಿಗಾಗಿ ಒಂದು ಕುರ್ಚಿ. ಅಮ್ಮ ನರ್ಸ್ ಆಗಿದ್ದವಳು, ವಾರ್ಡುಗಳಲ್ಲಿ ನಿಂತೇ ಆಯಸ್ಸು ಸವೆಸಿದವಳು. ಈಗ ಮಂಡಿಗಳು ಕೈಕೊಟ್ಟಿದ್ದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಯೆಲ್ಲ ತಿರುಗುತ್ತಿದ್ದಳು. ಊಟವನ್ನೂ ಅಡುಗೆಕಟ್ಟೆಗೆ ಒರಗಿ ಮುಗಿಸುವಳು. ಅಂಥವಳು ತಾನಾಗಿ ಕೂರಬೇಕು, ಅಂಥದ್ದೊಂದು ಮಾಡಬೇಕು ಎಂದು ಮಗಳ ಹಟ.

ರಾಶಿಯಲ್ಲಿ ಒಂದು ಸ್ಟೂಲು ಸಿಕ್ಕಿತು. ಚೂರುಬಟ್ಟೆ ಜೋಡಿಸಿ ಹೊಲಿದ ಗವಸು, ಅದರೊಳಗೆ ದಪ್ಪ ಸ್ಪಂಜು. ಬೆನ್ನಿಗೆ ನಿಲ್ಲಿಸಿದ ಹಲಗೆಗೂ ಒಂದು ಸ್ಪಂಜನ್ನು ತಂತಿಯಿಂದ ಬಿಗಿದಿದ್ದರು. ಕೂತಿದ್ದವರ ಮೈ ಅದರೊಳಗೆ ಪೂರ್ತಿ ಇಳಿದಿತ್ತು. ಬಲತೊಡೆ ಕೊಂಚ ಮುಂದೆ, ಎಡಭುಜ ಕೊಂಚ ಮೇಲೆ. ಅವಳು ತಗ್ಗಿನೊಳಗೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಬಿಸಿಲಿಗೆ ಬಿದ್ದಿತ್ತಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ರಾಶಿಯ ಮೇಲೆ ತಗಡಿನ ಮಾಡು ಇದೆ ಎನ್ನುವುದು ಆಗ ಹೊಳೆಯಲಿಲ್ಲ.

"ಯಾರದಿದು?" ಎಂದು ಗುಜರಿಯವನನ್ನು ಕೇಳಿದಳು.

"ಹೊಲಿಗೆಯವರು ಯಾರದೋ. ಬೇಕಾದ್ರೆ ಎತ್ಕೊಂಡು ಹೋಗಿ. ಸ್ಪಂಜು ತೂಕಕ್ಕೆ ಬರಲ್ಲ ನನಗೆ."

ಅವಳು ಮತ್ತೆ ಕೇಳಲಿಲ್ಲ. ಇಷ್ಟು ವರ್ಷ ಒಂದು ಮೈ ಒಪ್ಪಿಕೊಂಡ ಆಕಾರ, ಇದಕ್ಕಿಂತ ದೊಡ್ಡ ವಿಶ್ರಾಂತಿ ಎಲ್ಲಿದೆ ಎಂದು ಆ ತಗ್ಗನ್ನು ಹಾಗೇ ಅಚ್ಚಿಗೆ ಇಳಿಸಿದಳು. ತೆಳು ಹಲಗೆಗಳನ್ನು ಅಂಟಿಸಿ, ಬಗ್ಗಿಸಿ, ಒಂದು ಮೊಳೆಯೂ ಕಾಣದಂತೆ ಕುರ್ಚಿ ಮಾಡಿದಳು. ಮೇಲೆ ತೆಳ್ಳನೆಯ ಬಟ್ಟೆಗವಸು. ಕಂಪನಿ ಅದಕ್ಕೆ 'ಮಡಿಲು' ಎಂದು ಹೆಸರಿಟ್ಟಿತು. ಕೂತವರಿಗೆ ಏಳುವ ಮನಸ್ಸೇ ಬಾರದು ಎಂದು ಜಾಹೀರಾತು ಬಂತು. ಕಂಪನಿಯ ಜಾಹೀರಾತುಗಳಲ್ಲಿ ನಿಜ ಹೇಳಿದ್ದು ಅದೊಂದೇ.

ಮೊದಲ ಕುರ್ಚಿ ಅವಳ ಮನೆಗೇ ಬಂತು.

"ನನಗ್ಯಾಕೆ ಇದು? ನಾನೇನು ಮುದುಕೀನಾ?" ಎಂದಳು ಅಮ್ಮ.

"ರಾಣಿ ಕಣಮ್ಮ ನೀನು. ಕೂತ್ಕೋ."

"ರಾಣಿಗೆ ಆಳುಗಳಿರ್ತಾರೆ. ನೀನು ಒಂದು ಲೋಟ ನೀರು ಕೊಡೇ ಅಂದ್ರೆ ಫೋನ್ ಇಟ್ಟು ಬರ್ತೀನಿ ಅಂತೀಯ."

ಗೊಣಗುತ್ತಲೇ ಕೂತಳು. ಗೊಣಗಾಟ ನಿಂತಿತು. ಕೈಗಳೆರಡೂ ತೊಡೆಯ ಮೇಲಕ್ಕೆ ಬಂದವು. ಸ್ವಲ್ಪ ಹೊತ್ತಿನ ಮೇಲೆ, "ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗಿದೆ ಕಣೇ" ಎಂದಳು. ಮಗಳಿಗೆ ಕಣ್ಣು ತುಂಬಿ ಬಂತು. ಅಮ್ಮನಿಂದ ಅಷ್ಟು ದೊಡ್ಡ ಹೊಗಳಿಕೆ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

ತಿಂಗಳುಗಳು ಕಳೆದವು. ಅಮ್ಮ ಮೊದಮೊದಲು ಮಧ್ಯಾಹ್ನ ಮಾತ್ರ ಕೂರುತ್ತಿದ್ದವಳು ಬೆಳಿಗ್ಗೆಯೂ ಕೂರತೊಡಗಿದಳು. ಮಗಳ ಮಗಳು, ಒಂದು ಕಡೆ ನಿಲ್ಲದೆ ಹಾರಾಡುವುದಕ್ಕೆ ಅಜ್ಜಿಯಿಂದಲೇ ಮಿಡತೆ ಎಂದು ಕರೆಸಿಕೊಂಡ ಹುಡುಗಿ, "ಅಜ್ಜಿ ಈಗ ನನ್ನ ಹಿಡಿಯೋಕೆ ಓಡಿ ಬರಲ್ಲ" ಎಂದು ದೂರು ಹೇಳಿತು. ದೊಡ್ಡವರು ನಕ್ಕರು.

ಒಂದು ಸಂಜೆ ವಿನ್ಯಾಸಗಾರ್ತಿ ಬಾಗಿಲು ತೆಗೆದಾಗ ಮನೆಯಲ್ಲಿ ದೀಪವಿರಲಿಲ್ಲ. ಸೀದು ಕರಕಾದ ಹಾಲಿನ ವಾಸನೆ. ಓಡಿಹೋಗಿ ಒಲೆ ಆರಿಸಿ ಬಂದಳು. ಕಿಟಕಿಯ ಬಳಿ ಅಮ್ಮ ಕೂತಿದ್ದಳು. ಎಡಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಬಲಗಾಲಿನ ಮುಂಪಾದ ನೆಲವನ್ನು ಒತ್ತುವುದು, ಬಿಡುವುದು, ಒತ್ತುವುದು. ಎರಡು ಕೈಗಳೂ ಎದುರಿನ ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದವು.

"ಯಾಕಮ್ಮ ಲೈಟ್ ಹಾಕಿಲ್ಲ? ಹಾಲು ಸುಟ್ಟು ಹೋಗಿದೆ, ವಾಸನೆ ಬರಲಿಲ್ವಾ?"

"ಬಂತು."

"ಮತ್ತೆ?"

"ಏಳೋ ಹಾಗಿಲ್ಲವಲ್ಲ."

"ಯಾರು ಹೇಳಿದ್ದು?"

ಅಮ್ಮ ಅವಳನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯನ್ನು ನೋಡುವ ಹಾಗೆ ನೋಡಿದಳು. ದನಿ ತಗ್ಗಿಸಿ, "ಬಿಲ್ಲೆ ಬರಲಿ, ಏಳ್ತೀನಿ" ಎಂದಳು.

ದೀಪ ಹಾಕಿದಾಗ ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ವಾರ್ಡಿನಲ್ಲಿ ಎಷ್ಟೋ ಜನರ ಮಾನವನ್ನು ಬೆಡ್‌ಪ್ಯಾನ್ ಹಿಡಿದು ಕಾಪಾಡಿದವಳು, ಉಟ್ಟ ಬಟ್ಟೆ ಒದ್ದೆಯಾಗಿ, ತಲೆ ತಗ್ಗಿಸಿ ಕೂತಿದ್ದಳು. ಮಗಳು ಎರಡೂ ಕಂಕುಳಿಗೆ ಕೈಹಾಕಿ ಎತ್ತಿದಳು. ಹಗುರ ಹೆಂಗಸು ಅಮ್ಮ, ಆದರೂ ಒಂದು ಎಳೆಯಷ್ಟೂ ಮೇಲೇಳಲಿಲ್ಲ. ಕೊನೆಗೆ ಕುರ್ಚಿಯನ್ನೇ ವಾಲಿಸಿ ಅವಳನ್ನು ಹಾಸಿಗೆಯ ಮೇಲೆ ಉರುಳಿಸಬೇಕಾಯಿತು. ಹಾಸಿಗೆಗೆ ಬಿದ್ದದ್ದೇ ಅಮ್ಮ ಕಣ್ಣು ಕಣ್ಣು ಬಿಟ್ಟಳು.

"ಏನೇ ಇದು, ನನ್ನ ಯಾಕೆ ಹೀಗೆ ದಬ್ಬಿದೆ?"

"ಬಿಲ್ಲೆ ಅಂದ್ರೆ ಏನಮ್ಮ?"

"ಯಾವ ಬಿಲ್ಲೆ? ನನಗೇನು ಗೊತ್ತು," ಎಂದವಳು ತನ್ನ ಬಟ್ಟೆ ಮುಟ್ಟಿ ನೋಡಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಮಗಳು ಕುರ್ಚಿಯನ್ನು ಬಾಲ್ಕನಿಗೆ ಎಳೆದು, ಗೋಡೆಗೆ ಮುಖ ಮಾಡಿ ಇಟ್ಟಳು.

ಮರುದಿನ ಕೆಳಗಿನ ಮಹಡಿಗೆ ಹೋದಳು. ಹೊಲಿಗೆ ಸಾಲಿನಲ್ಲಿ ಯಾರೂ ತಲೆ ಎತ್ತಿ ಮಾತಾಡುವುದಿಲ್ಲ. ಕಣ್ಣು ಬಟ್ಟೆಯ ಮೇಲೆ, ಬಾಯಿ ತನ್ನ ಪಾಡಿಗೆ. ಅವರ ಮೇಲೆ ಕಣ್ಣಿಡುವ ಮೇಸ್ತ್ರಿ ಆ ಹೊತ್ತಿಗೆ ಗೋದಾಮಿಗೆ ಹೋಗಿದ್ದ.

"ಬಿಲ್ಲೆ ಅಂದ್ರೇನು?" ಎಂದು ಕೇಳಿದಳು.

ಸಾಲು ಕಿಸಕ್ಕನೆ ನಕ್ಕಿತು. ಕೊನೆಯ ಯಂತ್ರದಲ್ಲಿ ಕೂತಿದ್ದ ಚೋಟಿ ಬಾಯಿ ಬಿಟ್ಟಳು. ಚೋಟುದ್ದ ಇದ್ದುದಕ್ಕೆ ಆ ಹೆಸರು. ಹಿಂದಿನಿಂದ ನೋಡಿದರೆ ಶಾಲೆಗೆ ಹೋಗುವ ಹುಡುಗಿ, ಮುಂದಿನಿಂದ ಎರಡು ಮಕ್ಕಳ ತಾಯಿ.

"ಇಷ್ಟು ವರ್ಷ ಈ ಕಟ್ಟಡದಲ್ಲೇ ಇದ್ದು ಬಿಲ್ಲೆ ಗೊತ್ತಿಲ್ವ ಪೆನ್ಸಿಲಕ್ಕ? ಮೇಲಿನ ಮಹಡೀಲಿ ಸುಮ್ನೆ ಎದ್ದು ಹೋಗ್ತೀರಾ?"

"ಹೂಂ."

"ಕೇಳ್ರೇ ಇಲ್ಲಿ, ಸುಮ್ನೆ ಎದ್ದು ಹೋಗ್ತಾರಂತೆ. ಉಚ್ಚೆಗೂ ಸುಮ್ನೆನೇ ಹೋಗ್ತಾರೇನೋ."

ಮತ್ತೆ ನಗು. ಚೋಟಿ ಗದ್ದದಿಂದ ಮೇಸ್ತ್ರಿಯ ಮೇಜಿನ ಹಿಂದಿನ ಗೋಡೆ ತೋರಿಸಿದಳು. ಮೊಳೆಗೆ ದಾರ ಕಟ್ಟಿದ ಒಂದು ಮರದ ಬಿಲ್ಲೆ ತೂಗುತ್ತಿತ್ತು, ಕೈಬೆವರಿಗೆ ಕಪ್ಪಾಗಿತ್ತು. ಇಡೀ ಸಾಲಿಗೆ ಅದೊಂದೇ. ಅದು ಕೈಗೆ ಬಂದವಳು ಏಳಬಹುದು. ಅವಳು ಮರಳಿ ತಂದು ಕೊಟ್ಟರೆ ಮುಂದಿನವಳು. ಉಳಿದವರು ಕೂತಿರಬೇಕು. ಅವಸರದ ಆರ್ಡರ್ ಇದ್ದರೆ ಬಿಲ್ಲೆ ಮೇಸ್ತ್ರಿಯ ಜೇಬು ಸೇರುತ್ತದೆ. ಅಂದು ಯಾರೂ ನೀರು ಕುಡಿಯುವುದಿಲ್ಲ.

ಪೆನ್ಸಿಲಕ್ಕ, "ಹೀಗೆ ಕೂರೋರು ಯಾರಾದ್ರೂ ಇದ್ರಾ?" ಎಂದು ಎಡಭುಜ ಕಿವಿಯವರೆಗೆ ಏರಿಸಿ, ಬಲಗಾಲು ಒತ್ತಿ, ಗಾಳಿಯಲ್ಲಿ ಕೈ ತಳ್ಳಿ ತೋರಿಸಿದಳು.

ನಗು ನಿಂತಿತು. ಯಂತ್ರಗಳು ಒಂದೊಂದಾಗಿ ನಿಂತವು.

"ಎಲ್ಲಿ ನೋಡಿದ್ರಿ ಇದನ್ನ?" ಎಂದಳು ಚೋಟಿ.

"ನಮ್ಮಮ್ಮ ಹೀಗೆ ಕೂರ್ತಾಳೆ. ಮಡಿಲು ಕುರ್ಚೀಲಿ."

"ನಮ್ಮಮ್ಮ ಹಾಗೆ ಕೂರ್ತಿದ್ಲು. ಈ ಯಂತ್ರದಲ್ಲಿ." ಚೋಟಿ ಬಟ್ಟೆಯನ್ನು ನೇರ ಮಾಡಿಕೊಂಡು ಮತ್ತೆ ಪೆಡಲ್ ಒತ್ತಿದಳು. "ಆವತ್ತು ಎದೆ ಹಿಡ್ಕೊಂಡು ಬಿಲ್ಲೆ ಕೇಳಿದ್ಲು. ಜೇಬಲ್ಲಿತ್ತು ಅದು. ಆಮೇಲೆ ಕೇಳಲಿಲ್ಲ. ಯಂತ್ರ ಓಡ್ತಾನೇ ಇತ್ತು, ಕಾಲು ಪೆಡಲ್ ಮೇಲೇ ಇತ್ತಲ್ಲ. ಬಟ್ಟೆ ಮುಗಿದು ಸೂಜಿ ಬರೀ ತಗಡು ಕುಟ್ತಿತ್ತಂತೆ. ಆಗ ಇವರೆಲ್ಲ ತಿರುಗಿ ನೋಡಿದ್ರು."

"ಆ ಸ್ಟೂಲು, ಸ್ಪಂಜು..."

"ಗೊತ್ತು. ಇಲ್ಲಿ ಎಲ್ರಿಗೂ ಗೊತ್ತು. ಊರಿನ ದೊಡ್ಡೋರೆಲ್ಲ ನಮ್ಮಮ್ಮನ ತೊಡೆ ಮೇಲೆ ಕೂತಿದಾರೆ ಅಂತ ಊಟದ ಹೊತ್ತಲ್ಲಿ ನಗಾಡ್ತೀವಿ. ಆ ಕುರ್ಚಿಗೆ ಗವಸು ಹೊಲಿಯೋಳೂ ನಾನೇ."

"ನನಗೆ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು?"

ಅವಳು ಮನೆಗೆ ಓಡಿದಳು. ತಲುಪುವ ಹೊತ್ತಿಗೆ ಶಾಲೆ ಬಿಟ್ಟಾಗಿತ್ತು. ಬಾಗಿಲಲ್ಲೇ ಅಮ್ಮ ಅಳುಮುಖ ಮಾಡಿ ನಿಂತಿದ್ದಳು. "ಮಿಡತೆ ಬಾಲ್ಕನೀಲಿ ಕೂತುಬಿಟ್ಟಿದೆ. ಕರೆದ್ರೆ ಬರ್ತಿಲ್ಲ. ಗದರಿದೆ, ಮುದ್ದು ಮಾಡ್ದೆ. ಏನು ಮಾಡಿದ್ರೂ ನನ್ನ ಕಡೆ ತಿರುಗ್ತಾ ಇಲ್ಲ."

ಗೋಡೆಗೆ ಮುಖ ಮಾಡಿ ಹುಡುಗಿ ಕೂತಿತ್ತು. ಚೀಲ ಇನ್ನೂ ಬೆನ್ನಿನ ಮೇಲೇ ಇತ್ತು. ನೆಲಕ್ಕೆ ಎಟುಕದ ಬಲಗಾಲು ಗಾಳಿಯನ್ನೇ ಒತ್ತುತ್ತಿತ್ತು. ಕೈಬೆರಳುಗಳು ಎರಡು ತುದಿ ಜೋಡಿಸಿ ಮುಂದಕ್ಕೆ ತಳ್ಳುತ್ತಿದ್ದವು, ಬಹಳ ಹುಷಾರಾಗಿ, ಅಂಚು ತಪ್ಪದ ಹಾಗೆ. ಹುಟ್ಟಿದಂದಿನಿಂದ ಒಂದು ಬೊಂಬೆಗೂ ಬಟ್ಟೆ ಹೊಲಿದವಳಲ್ಲ. ಕುರ್ಚಿ ವಾಲಿಸೋಣವೆಂದರೆ ಪಕ್ಕದಲ್ಲೇ ಕಂಬಿ, ಅದರಾಚೆ ಮೂರು ಮಹಡಿ ಕೆಳಗೆ ರಸ್ತೆ. ಒಳಗೆ ಎಳೆಯೋಣವೆಂದರೆ ನಿನ್ನೆ ಸಲೀಸಾಗಿ ಬಂದ ಕುರ್ಚಿ ಇವತ್ತು ನೆಲ ಕಚ್ಚಿಕೊಂಡಿತ್ತು.

"ಪುಟ್ಟಾ, ಅಮ್ಮ ಬಂದಿದೀನಿ ನೋಡು."

"ಶ್," ಎಂದಿತು ಮಗು, ತಿರುಗದೆ. "ಮೇಸ್ತ್ರಿ ಇದಾರೆ."

ಆಮೇಲೆ ಅವಳು ಮಾಡಿದ್ದನ್ನು ಯಾವ ತಾಯಿಯಾದರೂ ಮಾಡುತ್ತಿದ್ದಳು. ಸಿಕ್ಕಿದ ಆಟೋ ಹತ್ತಿ ಕಾರ್ಖಾನೆಗೆ ಹೋದಳು. ಮೇಸ್ತ್ರಿ ಬೆನ್ನು ತಿರುಗಿಸಿದ್ದಾಗ ಮೊಳೆಯಿಂದ ಬಿಲ್ಲೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದಳು. ಮಗಳ ಅಂಗೈಗೆ ಇಟ್ಟಳು. ಹುಡುಗಿ ತಟ್ಟನೆ ಎದ್ದು ಬಚ್ಚಲಿಗೆ ಓಡಿತು. ಬಂದ ಮೇಲೆ, ಬಾಲ್ಕನಿಯ ಗೋಡೆಯಲ್ಲಿ ಯಾರೂ ಎಂದೂ ಗಮನಿಸದ ಒಂದು ಹಳೆಯ ಮೊಳೆಗೆ, ತುದಿಗಾಲಲ್ಲಿ ನಿಂತು, ಬಿಲ್ಲೆಯನ್ನು ನೇತುಹಾಕಿತು. "ಮುಂದಿನವರು ಹೋಗಿ" ಎಂದಿತು. ಎಂದು ಕಣ್ಣುಜ್ಜಿಕೊಂಡು, "ಹಸಿವು" ಎಂದು ಅಳತೊಡಗಿತು.

ಆ ಸಂಜೆಯೇ ಅವಳು ಕುರ್ಚಿಯನ್ನು ಅಂಗಳಕ್ಕೆ ಇಳಿಸಿ ಕೊಡಲಿಯಿಂದ ಒಡೆದಳು. ಒಳ್ಳೆಯ ಕೆಲಸದ ಕುರ್ಚಿ, ಬೇಗ ಮುರಿಯಲಿಲ್ಲ.

ಬಿಲ್ಲೆಯನ್ನು ಬೆಳಿಗ್ಗೆ ಮರಳಿಸಲು ಹೋದಾಗ ಸಾಲಿನ ಯಾರೂ ಅವಳ ಮುಖ ನೋಡಲಿಲ್ಲ.

"ನಿನ್ನೆ ಯಾರೋ ಬಿಲ್ಲೆ ತಗೊಂಡು ಹೋಗಿದ್ರು ಪೆನ್ಸಿಲಕ್ಕ," ಎಂದಳು ಚೋಟಿ. "ಕಳ್ರು ಸಿಗೋ ತನಕ ಯಾರೂ ಏಳಂಗಿಲ್ಲ ಅಂದ ಮೇಸ್ತ್ರಿ. ಪಾಳಿ ಮುಗಿಯೋ ತನಕ ಕೂತೇ ಇದ್ವಿ. ಬಸುರಿ ಒಬ್ಳು ಇದಾಳೆ ನಮ್ಮ ಸಾಲಲ್ಲಿ. ನೋಡಿದೀರಾ ಅವಳನ್ನ? ಆ ಮೂಲೇಲಿ."

ಅವಳು ನೋಡಿರಲಿಲ್ಲ. ತನ್ನ ಮಗಳನ್ನು ಎಬ್ಬಿಸಲು ಇವರನ್ನು ಕೂರಿಸಿ ಹೋಗಿದ್ದಳು. ಅದು ಅವಳ ತಲೆಗೆ ಬಂದೇ ಇರಲಿಲ್ಲ.

ಯಾರಿಗೂ ಕಾಣದಂತೆ ಬಿಲ್ಲೆಯನ್ನು ಅದರ ಮೊಳೆಗೆ ಸಿಕ್ಕಿಸಿ, ಅಲ್ಲಿಂದ ನೇರ ಮಾಲೀಕನ ಕೋಣೆಗೆ ಹೋದಳು. ಅಮ್ಮನದು, ಮಗಳದು, ಸ್ಪಂಜಿನದು, ಬಿಲ್ಲೆಯದು, ಎಲ್ಲ ಹೇಳಿದಳು. ಹುಚ್ಚಿ ಅಂದುಕೊಳ್ಳಲಿ, ಮಾರಾಟ ನಿಲ್ಲಿಸಿದರೆ ಸಾಕು ಎಂದುಕೊಂಡಿದ್ದಳು. ಮಾಲೀಕ ಅಡ್ಡ ಮಾತಾಡದೆ ಕೇಳಿದ. ಅವನು ಸದಾ ನಗುಮುಖದ ಮನುಷ್ಯ, ಯಾರ ಮೇಲೂ ದನಿ ಎತ್ತಿದವನಲ್ಲ. ದನಿ ಎತ್ತಲು ಅವನು ಸಂಬಳಕ್ಕೆ ಮೇಸ್ತ್ರಿಗಳನ್ನು ಇಟ್ಟಿದ್ದ.

"ಸಂಜೆ ಬನ್ನಿ ಮೇಡಂ, ಒಂದು ಕಡೆ ಹೋಗಿ ಬರೋಣ," ಎಂದ.

ಕಾರು ನಿಂತದ್ದು ಗಾಜಿನ ಕಟ್ಟಡವೊಂದರ ಮುಂದೆ. ಆಗಲೇ ಕಚೇರಿ ಬಿಡುವ ಸಮಯ ಮೀರಿತ್ತು. ಮೇಲೆ, ಒಂದು ಉದ್ದನೆಯ ಹಜಾರ. ಸಾಲು ಸಾಲು ಮಡಿಲು ಕುರ್ಚಿಗಳು. ಪ್ರತಿಯೊಂದರಲ್ಲೂ ಒಬ್ಬರು. ಎಲ್ಲರ ಎಡಭುಜವೂ ಕಿವಿಯ ಹತ್ತಿರ. ಎಲ್ಲರ ಬಲಗಾಲೂ ಒಟ್ಟಿಗೆ ಒತ್ತುತ್ತಿತ್ತು, ಒಟ್ಟಿಗೆ ಬಿಡುತ್ತಿತ್ತು. ಪ್ರತಿ ಕುರ್ಚಿಯ ಮುಂದೆಯೂ ನೆಲಹಾಸು ಪಾದದಷ್ಟು ಜಾಗದಲ್ಲಿ ಸವೆದು ಬಿಳಿಚಿತ್ತು. ಮಾತಿಲ್ಲ. ತುದಿಯಲ್ಲಿ ಕೂತಿದ್ದ ನರೆಗೂದಲಿನ ಒಬ್ಬರ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಅವರ ಕೈಗೆ ಬಿಡುವಿರಲಿಲ್ಲ. ಅವಳು ಹತ್ತಿರ ಹೋದಾಗ ಮುಖ ಎತ್ತಿ, ಬಹಳ ವಿನಯದಿಂದ, "ಬಂತಾ?" ಎಂದು ಕೇಳಿದರು.

"ನೋಡಿದ್ರಾ?" ಎಂದ ಮಾಲೀಕ, ಗುಡಿಯಲ್ಲಿ ನಿಂತವನಂತೆ ಪಿಸುಮಾತಿನಲ್ಲಿ. "ಟೀಗೆ ಏಳಲ್ಲ, ಸಿಗರೇಟಿಗೆ ಏಳಲ್ಲ, ಹರಟೆಗೆ ಏಳಲ್ಲ. ನಮಗೆ ಮೊದಲಿಂದ ಗೊತ್ತು ಮೇಡಂ. ಬರೋ ಆರ್ಡರ್ ಎಲ್ಲ ಇದಕ್ಕೇ."

ಆ ಕಚೇರಿಯ ಮ್ಯಾನೇಜರ್ ತನ್ನ ಗಾಜಿನ ಗೂಡಿನಿಂದ ಹೊರಬಂದು ಕೈಕುಲುಕಿದ. ಅವನ ಕೋಣೆಯಲ್ಲಿದ್ದದ್ದು ಸಾದಾ ಕಬ್ಬಿಣದ ಕುರ್ಚಿ.

"ನೀವ್ಯಾಕೆ ಮಡಿಲು ಹಾಕಿಸ್ಕೊಂಡಿಲ್ಲ?" ಎಂದು ಅವಳು ಕೇಳಿದಳು.

"ನಾನು ಮನೆಗೆ ಹೋಗಬೇಕಲ್ಲ ಮೇಡಂ," ಎಂದ ಅವನು, ನಗುತ್ತ.

ವಾಪಸು ಬರುವಾಗ ಮಾಲೀಕ ಒಳ್ಳೆಯ ಹುರುಪಿನಲ್ಲಿದ್ದ. "ಒಂದೇ ತೊಂದರೆ ಇತ್ತು. ರಾತ್ರಿ ಇವರನ್ನ ಎಬ್ಬಿಸೋದು ಹೇಗೆ ಅಂತ. ಕುರ್ಚಿ ವಾಲಿಸಿ ಬೀಳಿಸ್ತಿದ್ರು, ಪಾಪ, ಒಬ್ಬರ ಕೈ ಮುರೀತು. ನೀವು ದಾರಿ ತೋರಿಸಿದ್ರಿ. ಕುರ್ಚಿ ಜೊತೆ ಒಂದು ಬಿಲ್ಲೆ ಕೊಡೋಣ. ಸಾಲಿಗೊಂದು. ಒಳ್ಳೇ ಮರದ್ದು, ನೀವೇ ಒಂದು ಚೆಂದದ ಆಕಾರ ಮಾಡಿಕೊಡಿ. ಅಲ್ಲಿನ ಸಾಹೇಬರ ಹತ್ರ ಇರುತ್ತೆ."

ಅವಳಿಗೆ ಕಾರಿನ ಸೀಟಿನಲ್ಲಿ ಕೂರಲಾಗಲಿಲ್ಲ. ಬೆನ್ನನ್ನು ಹಿಂದಕ್ಕೆ ತಾಗಿಸದೆ, ಮುಂದಿನ ಸೀಟು ಹಿಡಿದುಕೊಂಡೇ ಇದ್ದಳು.

"ಅವಳು ಸತ್ತಿದಾಳೆ," ಎಂದಳು. "ಅವಳಿನ್ನೂ ಅಲ್ಲೇ ಕೂತಿದಾಳೆ. ಅರ್ಥ ಆಗ್ತಿದೆಯಾ ನಿಮಗೆ?"

"ಭೂತಾನೋ ಪ್ರೇತಾನೋ, ರಜಾ ಕೇಳಲ್ಲ, ಸಂಬಳ ಕೇಳಲ್ಲ. ನನಗೇನು ಜಗಳ ಅದರ ಜೊತೆ? ಇನ್ನೊಂದು ವಿಷಯ. ಶಾಲೆಗಳಿಂದ ಕೇಳಿದಾರೆ. ದೊಡ್ಡ ಆರ್ಡರ್. ಮಕ್ಕಳು ಕೂತಲ್ಲಿ ಕೂರಬೇಕು, ಅಷ್ಟೇ ಅವರಿಗೆ ಬೇಕಾಗಿರೋದು. ನಿಮ್ಮ ಕೆಳಗಿನ ಹುಡುಗರ ಹತ್ರ ಅದೇ ಆಕಾರ ಚಿಕ್ಕದು ಮಾಡಿಸಿ ಒಂದು ಶಾಲೇಲಿ ಹಾಕಿ ನೋಡಿದ್ವಿ. ಏನೂ ಆಗಲಿಲ್ಲ. ಮಕ್ಕಳು ಮಕ್ಕಳ ಹಾಗೇ ಕುಣಿದ್ವು. ಒಂದು ಕುರ್ಚಿ ಮುರಿದೇ ಹಾಕಿದ್ವು. ದೊಡ್ಡದನ್ನ ಹಾಕಿದ್ರೆ ಶಾಲೆ ಮೇಜಿಗೆ ಹೊಂದಲ್ಲ."

ಅವಳಿಗೆ ಒಂದು ಕ್ಷಣ ಉಸಿರು ಬಂತು. ಅಳತೆ ಕುಗ್ಗಿಸಿದರೆ ಕುರ್ಚಿ ಬರೀ ಕುರ್ಚಿ. ಹಾಗಾದರೆ ಮಕ್ಕಳು ಉಳಿದರು.

"ಅದಕ್ಕೇ ಯೋಚನೆ ಮಾಡ್ದೆ," ಎಂದ ಮಾಲೀಕ. "ಕುಗ್ಗಿಸಬಾರದು. ಮೈಯೇ ಚಿಕ್ಕದಿರಬೇಕು. ನಮ್ಮ ಕೊನೇ ಯಂತ್ರದ ಹುಡುಗಿ, ಅವಳ ಮಗಳೇ ಅಲ್ವಾ, ಮಗುವಿನ ಹಾಗೇ ಇದಾಳೆ. ಅವಳೂ ಒಂದು ಸ್ಪಂಜು ಹಾಕ್ಕೊಂಡು ಕೂರ್ತಾಳೆ."

"ಅವಳು ಬದುಕಿದಾಳೆ."

"ಸತ್ತಿರಲೇಬೇಕು ಅಂತೇನಿದೆ? ಕೂತಿದ್ರೆ ಸಾಕು."

ಅವಳು ಆ ಕುರ್ಚಿಯ ನಕ್ಷೆ ತಾನು ಬರೆಯುವುದಿಲ್ಲ ಎಂದಳು. ಬೇಡ ಬಿಡಿ, ಅಳತೆ ತೆಗೆಯಲು ಯಂತ್ರ ಬಂದಿದೆ, ನಾಳೆ ಇಬ್ಬರು ಬರುತ್ತಾರೆ ಎಂದ. ಎಲ್ಲರಿಗೂ ಹೇಳುತ್ತೇನೆ ಎಂದಳು. "ಹೇಳಿ. ನಂಬದವರು ನಗ್ತಾರೆ, ನಂಬಿದವರು ಎರಡು ಜಾಸ್ತಿ ಕೊಳ್ತಾರೆ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳ ಒಂದು 'ಇಲ್ಲ'ದಿಂದ ನಿಲ್ಲುವ ಯಂತ್ರವಲ್ಲ ಅದು. ಅವಳಿಲ್ಲದೆಯೇ ಓಡಲು ಅದು ಕಲಿತಾಗಿತ್ತು. ಇನ್ನು ಅದಕ್ಕೆ ಬೇಕಾಗಿದ್ದುದು ಚೋಟಿಯ ಸ್ಪಂಜು ಒಂದೇ.

ಬೆಳಿಗ್ಗೆ ಅಳತೆಯವರಿಗಿಂತ ಮೊದಲೇ ಅವಳು ಕೆಳಗಿನ ಮಹಡಿಗೆ ಹೋದಳು. ಚೋಟಿಯ ಯಂತ್ರದ ಪಕ್ಕ ಮಂಡಿಯೂರಿ, ಕಿವಿಯ ಹತ್ತಿರ ಬಾಯಿ ತಂದು, ಎಲ್ಲ ಹೇಳಿದಳು. ಕಚೇರಿಯ ಹಜಾರ ಹೇಳಿದಳು, ಬಾಲ್ಕನಿ ಹೇಳಿದಳು. ಬಿಲ್ಲೆ ಕದ್ದದ್ದು ತಾನೇ ಎಂದೂ ಹೇಳಿದಳು.

"ಅದು ಅವತ್ತೇ ಗೊತ್ತಾಯ್ತು," ಎಂದಳು ಚೋಟಿ, ಹೊಲಿಯುತ್ತಲೇ. "ನಿಮ್ಮ ತುರುಬಿನ ಪೆನ್ಸಿಲ್ ಮೇಜಿನ ಕೆಳಗೆ ಬಿದ್ದಿತ್ತು. ಬಸುರಿ ಬೈದ್ಲು ನಿಮ್ಮನ್ನ, ಚೆನ್ನಾಗಿ." ಒಂದು ಅಂಚು ಹೊಲಿದು ಮುಗಿಸಿದಳು. "ನಿಮ್ಮಮ್ಮ ಹೇಗಿದಾರೆ ಈಗ?"

"ನಿಂತ್ಕೊಂಡೇ ಊಟ ಮಾಡ್ತಾಳೆ. ಮಂಡಿ ನೋವು ಅಂತಾಳೆ."

"ಮಾಡಲಿ ಬಿಡಿ." ಚೋಟಿ ಗವಸನ್ನು ತಿರುಗಿಸಿ ಇನ್ನೊಂದು ಅಂಚು ಹಿಡಿದಳು. "ಅಲ್ಲ, ಇದರಲ್ಲಿ ನಾನು ಅಷ್ಟೊಂದು ಇಳಿದುಬಿಟ್ಟಿದೀನಾ?"

ವಿನ್ಯಾಸಗಾರ್ತಿ ಸ್ಟೂಲಿನ ಅಂಚಿನಿಂದ ಕೈ ತೂರಿಸಿ ಸ್ಪಂಜನ್ನು ಮುಟ್ಟಿದಳು. ಒಂದು ಚಿಕ್ಕ ತಗ್ಗು, ಪಕ್ಕೆಗಳು ಕಲ್ಲಿನಂತೆ ಗಟ್ಟಿ. ಅದರ ತಳ ಬೆರಳಿಗೆ ಸಿಗಲಿಲ್ಲ. ಇನ್ನೂ ಕೆಳಗೆ, ಇನ್ನೂ ಕೆಳಗೆ ಹೋಗುತ್ತಿತ್ತು, ಸ್ಟೂಲಿನ ಹಲಗೆ ಇರಬೇಕಾದ ಜಾಗವನ್ನೂ ದಾಟಿ. ಕೈ ಕಿತ್ತುಕೊಂಡಳು.

"ಹೂಂ," ಎಂದಳು. "ಇಳಿದಿದೀಯ."

"ಮಕ್ಕಳಾ ಕೂರೋದು?"

"ಮಕ್ಕಳು. ನಿನ್ನ ಮಕ್ಕಳ ಶಾಲೆಗೂ ಬರಬಹುದು, ನನ್ನ ಮಗಳ ಶಾಲೆಗೂ."

ಚೋಟಿ ಪಕ್ಕದವಳ ಕಡೆ ಬಾಗಿ ಏನೋ ಹೇಳಿದಳು. ಸಾಲಿನಲ್ಲಿ ಆ ಮಾತು ತುಟಿಯಿಂದ ತುಟಿಗೆ ಹೋದದ್ದು ಬಟ್ಟೆಯ ಮೇಲೆ ಬಗ್ಗಿದ ತಲೆಗಳ ಸಣ್ಣ ಅಲುಗಾಟದಿಂದ ಗೊತ್ತಾಗುತ್ತಿತ್ತು.

ಮಾಲೀಕ ಬಂದ. ಹಿಂದೆ ಮೇಸ್ತ್ರಿ, ಅವನ ಹಿಂದೆ ಅಳತೆಯ ಪೆಟ್ಟಿಗೆ ಹಿಡಿದ ಇಬ್ಬರು. ಮಾಲೀಕನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹೊಸ ದಿಂಬೊಂದಿತ್ತು, ಮೇಲಿನ ಮಹಡಿಯ ಸೋಫಾಗಳಿಗೆ ಹಾಕುವಂಥದು. ಆ ಮಹಡಿಯಲ್ಲಿ ಹೊಲಿಯುವವರ ಸ್ಟೂಲು ಬಿಟ್ಟರೆ ಕೂರಲು ಬೇರೇನೂ ಇರಲಿಲ್ಲ. ಬಂದವರೆಲ್ಲ ನಿಂತೇ ಇದ್ದರು.

"ಏನಮ್ಮ, ಚೆನ್ನಾಗಿದೀಯಾ? ನಿಮ್ಮಮ್ಮ ನಮ್ಮ ಕಂಪನಿಯ ಹಳೇ ಜನ. ನಿನಗೆ ಒಂದು ಹೊಸ ದಿಂಬು ತಂದಿದೀನಿ. ಹಳೇದು ಕೊಡು. ಏಳು."

ಚೋಟಿ ದಾರ ಕಚ್ಚಿ ಕಡಿದಳು. ಹೊಲಿದು ಮುಗಿದ ಗವಸನ್ನು ಮಡಚಿ ಪಕ್ಕಕ್ಕಿಟ್ಟಳು. ಪೆಡಲಿನಿಂದ ಕಾಲು ತೆಗೆದಳು. ಎರಡೂ ಕೈಗಳಿಂದ ಸ್ಟೂಲಿನ ಅಂಚುಗಳನ್ನು ಹಿಡಿದುಕೊಂಡಳು.

"ಕೇಳಿಸ್ತಾ? ಎದ್ದೇಳೇ," ಎಂದ ಮೇಸ್ತ್ರಿ. "ನಾನೇ ಹೇಳ್ತಿದೀನಲ್ಲ, ಏಳು ಅಂತ."

ಚೋಟಿ ಅಂಚುಗಳನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮಾಲೀಕ ವಿನ್ಯಾಸಗಾರ್ತಿಯ ಕಡೆ ತಿರುಗಿದ. "ನೀವೊಂದು ಮಾತು ಹೇಳಿ ಮೇಡಂ. ನಿಮ್ಮ ಮಾತು ಕೇಳ್ತಾರೆ ಇವರು."

ಅವಳು ಚೋಟಿಯ ಸ್ಟೂಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಹಿಂದೆ ಸ್ಪಂಜಿನಿಂದ ಬರುತ್ತಿದ್ದ ಬಿಸಿ ಬೆನ್ನಿಗೆ ತಾಗುತ್ತಿತ್ತು, ಒಬ್ಬಳದಲ್ಲ, ಇಬ್ಬರದು ಅನ್ನಿಸುವಷ್ಟು.

ಮಾಲೀಕನ ನಗು ಹೋಗಲಿಲ್ಲ. ಬಗ್ಗಿ, ಚೋಟಿಯ ಮುಖದ ಮಟ್ಟಕ್ಕೆ ಬಂದು, ಮಗುವಿಗೆ ಹೇಳುವ ಹಾಗೆ ಕೇಳಿದ. "ಕೆಲಸ ಬೇಕೋ ಬೇಡ್ವೋ?"

"ಬೇಕು ಸರ್."

"ಹಾಗಾದ್ರೆ ಏಳು."

"ಏಳಲ್ಲ," ಎಂದಳು ಚೋಟಿ.